ನರ್ಸ್ ಅಲ್ಲದ ನರ್ಸ್

ಕೇಳುಗರಿಗೆಲ್ಲ ನಮಸ್ಕಾರ.

ಇಂಗ್ಲೆಂಡಿನಲ್ಲಿ ನನಗೆ ಈ ಕೆಲಸ ಸಿಕ್ಕಾಗ ಹಾಸನದಿಂದ ಸೋದರತ್ತೆ ಫೋನ್ ಮಾಡಿದ್ದರು. "ನರ್ಸ್ ಆದೆಯಂತೆ, ಇಂಜೆಕ್ಷನ್ ಕೊಡ್ತೀಯಾ?" ಎಂದು ಕೇಳಿದರು. ಇಲ್ಲ ಅತ್ತೆ ಎಂದೆ. "ಬಿಪಿ ನೋಡ್ತೀಯಾ?" ಅದೂ ಇಲ್ಲ. "ಮತ್ತೇನೇ ಮಾಡ್ತೀಯ?" ನಾನು ಸ್ವಲ್ಪ ಯೋಚಿಸಿ, "ಮನೆಮನೆಗೆ ಹೋಗಿ ನೆಲದ ಮೇಲೆ ಕೂತ್ಕೋತೀನಿ" ಎಂದುಬಿಟ್ಟೆ. ಅತ್ತೆ ಆಮೇಲೆ ಅಮ್ಮನಿಗೆ ಫೋನ್ ಮಾಡಿ, ಅಷ್ಟು ದೂರ ಹೋಗಿ ಅದೆಂಥ ಕೆಲಸ ಎಂದು ವಿಚಾರಿಸಿದರಂತೆ.

ನನ್ನ ಹುದ್ದೆಯ ಹೆಸರು ಕಮ್ಯುನಿಟಿ ನರ್ಸರಿ ನರ್ಸ್. ಹೆಸರಲ್ಲಿ ನರ್ಸ್ ಇದ್ದರೂ ನಾನು ಆಸ್ಪತ್ರೆಯ ನರ್ಸ್ ಅಲ್ಲ. ಚಿಕ್ಕ ಮಕ್ಕಳ ಪಾಲನೆ ಕಲಿತವರಿಗೆ ಅಲ್ಲಿ ಹಿಂದಿನಿಂದ ಬಂದ ಹೆಸರು ಅದು. ಇದಕ್ಕೆಂದೇ 1945ರಲ್ಲಿ ಒಂದು ಪರೀಕ್ಷಾ ಮಂಡಳಿ ಶುರುವಾಗಿತ್ತು. ನಮ್ಮ ತಂಡದ ಮುಖ್ಯಸ್ಥರು ಹೆಲ್ತ್ ವಿಸಿಟರ್‌ಗಳು. ಅವರು ನರ್ಸ್ ಅಥವಾ ಸೂಲಗಿತ್ತಿಯ ತರಬೇತಿ ಮುಗಿಸಿ, ಅದರ ಮೇಲೆ ಇನ್ನೂ ಓದಿದವರು. ಮ್ಯಾಂಚೆಸ್ಟರ್ ಮತ್ತು ಸಾಲ್ಫರ್ಡಿನ ಬಡವರ ಕೇರಿಗಳಲ್ಲಿ 1862ರಲ್ಲಿ ಹೆಂಗಸರು ಮನೆಮನೆಗೆ ಹೋಗಿ ತಾಯಂದಿರಿಗೆ ಮಗುವಿನ ಆರೈಕೆ, ಮನೆಯ ಶುಚಿ ಹೇಳಿಕೊಡುತ್ತಿದ್ದರಲ್ಲ, ಆ ಪರಂಪರೆ ಇದು.

ನಮ್ಮ ಕಡೆಯವರಿಗೆ ಅರ್ಥವಾಗಬೇಕೆಂದರೆ ಅಂಗನವಾಡಿ ಟೀಚರ್ ಇದ್ದ ಹಾಗೆ ಎನ್ನುತ್ತೇನೆ. ಪೂರ್ತಿ ಸರಿಯಲ್ಲ, ಆದರೂ ಹತ್ತಿರ. 1975ರ ಅಕ್ಟೋಬರ್ 2ರಂದು ನಮ್ಮಲ್ಲಿ ಆ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅಲ್ಲಿ ಮಗುವೇ ಟೀಚರ್ ಹತ್ತಿರ ಬರುತ್ತದೆ. ಟೀಚರಿಗೆ ಆ ಮಗುವಿನ ಅಜ್ಜಿಯೂ ಗೊತ್ತಿರುತ್ತಾರೆ. ನಾನಾದರೋ ಗುರುತಿಲ್ಲದವರ ಬಾಗಿಲು ತಟ್ಟಿ, ಬೂಟು ಬಿಚ್ಚಿ, ಒಳಗೆ ಹೋಗಬೇಕು.

ಇಂಗ್ಲೆಂಡಿನಲ್ಲಿ ಶಾಲೆಗೆ ಸೇರುವ ಮುಂಚೆ ಪ್ರತಿ ಮಗುವಿನ ಮನೆಯವರನ್ನೂ ಐದು ಸಲ ಭೇಟಿ ಮಾಡಬೇಕೆಂಬ ನಿಯಮವಿದೆ. ಬಸುರಿಯಲ್ಲಿ ಒಮ್ಮೆ, ಹುಟ್ಟಿದ ಎರಡು ವಾರದೊಳಗೆ, ಆರರಿಂದ ಎಂಟು ವಾರದಲ್ಲಿ, ವರ್ಷ ತುಂಬುವ ಹೊತ್ತಿಗೆ, ಕೊನೆಗೆ ಎರಡರಿಂದ ಎರಡೂವರೆ ವರ್ಷದ ನಡುವೆ. ಮೊದಲಿನವು ಹೆಲ್ತ್ ವಿಸಿಟರ್ ಕೆಲಸ. ಕೊನೆಯದು ಎಷ್ಟೋ ಕಡೆ ನಮ್ಮ ಪಾಲಿಗೆ ಬರುತ್ತದೆ. 2015ರಿಂದೀಚೆಗೆ ಹೆಲ್ತ್ ವಿಸಿಟರ್‌ಗಳ ಸಂಖ್ಯೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ಇಳಿದಿದೆ. ಹಾಗಾಗಿ ನಮ್ಮ ಪಾಲು ಹಿಗ್ಗುತ್ತಲೇ ಇದೆ, ಸಂಬಳ ಮಾತ್ರ ಹಿಗ್ಗಿಲ್ಲ.

ಮೊದಲ ವರ್ಷ ನಾನೊಂದು ಎಡವಟ್ಟು ಮಾಡಿದೆ. ಎಂಟು ತಿಂಗಳ ಮಗುವಿನ ಮನೆ, ನಾಲ್ಕನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ಏದುಸಿರು ಬಿಡುತ್ತಾ ಒಳಗೆ ಹೋದರೆ ಮಗುವಿನ ಕೈಯಲ್ಲಿ ಹಾಲಿನ ಬಾಟಲಿ, ಅದರಲ್ಲಿ ಕಿತ್ತಳೆ ಜ್ಯೂಸು. ನನಗೆ ಅಷ್ಟೇ ಸಾಕಾಯಿತು. ಹಲ್ಲು ಹುಳುಕಾಗುತ್ತೆ, ಆರು ತಿಂಗಳಾದ ಮೇಲೆ ಲೋಟ ರೂಢಿ ಮಾಡಿಸಿ, ವರ್ಷಕ್ಕೆ ಬಾಟಲಿ ಬಿಡಿಸಿ ಎಂದು ಶುರು ಮಾಡಿ ಐದು ಕರಪತ್ರ ಕೊಟ್ಟು ಬಂದೆ. ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಮುಂದಿನ ಸಲ ಹೋದಾಗ ಆ ಮಗುವಿನ ತಾಯಿ ಬಾಗಿಲು ತೆಗೆಯಲಿಲ್ಲ. ಒಳಗೆ ಟಿವಿ ಸದ್ದು ಕೇಳುತ್ತಿತ್ತು.

ವಾಪಸ್ ಬಂದು ಹಿರಿಯ ಹೆಲ್ತ್ ವಿಸಿಟರ್ ಒಬ್ಬರ ಹತ್ತಿರ ಹೇಳಿಕೊಂಡೆ. "ಆ ಮನೇಲಿ ಮೊದಲು ಏನು ನೋಡಿದೆ?" ಎಂದು ಕೇಳಿದರು. ಬಾಟಲಿ ಎಂದೆ. "ಮಗುವನ್ನಲ್ವಾ?" ಎಂದರು. ಆಗ ನೆನಪಾಯಿತು. ಮಗು ದುಂಡುದುಂಡಗಿತ್ತು, ಮೈ ತುಂಬ ಬಟ್ಟೆ ಹಾಕಿದ್ದರು, ತಾಯಿ ಮಾತಾಡಿದಾಗಲೆಲ್ಲ ತಿರುಗಿ ನಗುತ್ತಿತ್ತು. ಹತ್ತೊಂಬತ್ತರ ಹುಡುಗಿ, ಒಬ್ಬಳೇ ಇದ್ದುಕೊಂಡು ಅಷ್ಟು ಮಾಡಿದ್ದಳು. ನಾನು ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಅಂದಿನಿಂದ ಮೊದಲ ಐದು ನಿಮಿಷ ಬಾಯಿ ಬಿಡಬಾರದು ಎಂದು ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೇನೆ. ನೆಲದ ಮೇಲೆ ಕೂರುತ್ತೇನೆ. ಚೀಲದಿಂದ ಮರದ ದಿಮ್ಮಿಗಳನ್ನು ತೆಗೆದು ಸುಮ್ನೆ ಇಡುತ್ತೇನೆ. ಸುಮ್ಮನೆ ಕೂತರೆ ಮನೆ ತಾನಾಗಿ ಮಾತಾಡುತ್ತದೆ. ಮಗು ರಾತ್ರಿ ಎಲ್ಲಿ ಮಲಗುತ್ತೆ ಎಂದು ಕೇಳಿದರೆ ಎಲ್ಲರೂ ತೊಟ್ಟಿಲಿನ ಕಡೆ ಕೈ ತೋರಿಸುತ್ತಾರೆ. ತೊಟ್ಟಿಲಲ್ಲಿ ಮಡಚಿದ ಬಟ್ಟೆ ರಾಶಿ ಬಿದ್ದಿರುತ್ತದೆ! ಬ್ರಿಟನ್ನಿನಲ್ಲಿ ಮಕ್ಕಳನ್ನು ಅಂಗಾತ ಮಲಗಿಸಿ ಎಂಬ ಪ್ರಚಾರ 1991ರಲ್ಲಿ ಶುರುವಾದ ಮೇಲೆ ನಿದ್ದೆಯಲ್ಲೇ ಮಕ್ಕಳು ತೀರಿಕೊಳ್ಳುವುದು ತುಂಬಾ ಕಡಿಮೆಯಾಯಿತು. ಮೊದಲ ಆರು ತಿಂಗಳು ತಾಯಿ ಮಲಗುವ ಕೋಣೆಯಲ್ಲೇ ಬೇರೆ ತೊಟ್ಟಿಲು ಒಳ್ಳೆಯದು ಎನ್ನುತ್ತಾರೆ. ಆದರೆ ಪಕ್ಕದಲ್ಲೇ ಮಲಗಿಸಿಕೊಳ್ಳುವ ತಾಯಿಯನ್ನು ಗದರಿಸಿದರೆ ಮುಂದಿನ ಸಲ ಅವಳು ತೊಟ್ಟಿಲಿನ ಬಟ್ಟೆ ತೆಗೆದಿಡುತ್ತಾಳೆ, ಅಷ್ಟೇ. ಅದಕ್ಕೆ ಗದರಿಸುವುದಿಲ್ಲ. ಸೋಫಾ ಮೇಲಂತೂ ಮಗುವಿನ ಜೊತೆ ನಿದ್ದೆ ಹೋಗಬೇಡಮ್ಮ ಎಂದು ಶುರು ಮಾಡುತ್ತೇನೆ.

ಒಮ್ಮೆ ಕನ್ನಡದವರ ಮನೆಯೇ ಸಿಕ್ಕಿತು. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿ ಹೇಳುತ್ತೇನೆ. ಮಗುವಿಗೆ ಎರಡು ವರ್ಷ ಮೂರು ತಿಂಗಳು. ಇಬ್ಬರೂ ಕೆಲಸಕ್ಕೆ ಹೋಗುವವರು. ದಾವಣಗೆರೆಯಿಂದ ಅಜ್ಜಿ ಬಂದಿದ್ದರು. ಈ ಭೇಟಿಗೆ ಮುಂಚೆ ಮನೆಗೆ ಒಂದು ಪ್ರಶ್ನಾವಳಿ ಕಳಿಸುತ್ತೇವೆ. ಮಗು ಗೆರೆ ಎಳೆಯುತ್ತಾ, ಚೆಂಡು ಒದೆಯುತ್ತಾ, ಹೀಗೆ. ಪ್ರತಿ ಪ್ರಶ್ನೆಗೆ ಮೂರು ಉತ್ತರ: ಹೌದು, ಕೆಲವು ಸಲ, ಇನ್ನೂ ಇಲ್ಲ. ನೋಡಿ, "ಇಲ್ಲ" ಅಂತ ಇಲ್ಲ, "ಇನ್ನೂ ಇಲ್ಲ" ಅಂತ ಇರುವುದು. ಆ ಎರಡಕ್ಷರ ಹಾಕಿದವರಿಗೆ ನಾನು ಕೈ ಮುಗಿಯುತ್ತೇನೆ.

ತಾಯಿ ಮಾತಿನ ಭಾಗದಲ್ಲೆಲ್ಲ ಇನ್ನೂ ಇಲ್ಲ ಎಂದೇ ಬರೆದಿದ್ದರು. ಪಕ್ಕದಲ್ಲಿ ಮಗು ಆಡುವ ಒಂಬತ್ತು ಪದ. ಎರಡು ವರ್ಷಕ್ಕೆ ಸುಮಾರು 50 ಪದ ಬರಬೇಕು, ಎರಡೆರಡು ಪದ ಜೋಡಿಸಲು ಶುರು ಮಾಡಬೇಕು ಎನ್ನುತ್ತೇವೆ. ಬಾಗಿಲ ಹತ್ತಿರ ನನ್ನನ್ನು ತಡೆದು ಮೆತ್ತಗೆ ಕೇಳಿದರು: "ಮೇಡಂ, ಕನ್ನಡ ನಿಲ್ಲಿಸಿ ಬರೀ ಇಂಗ್ಲಿಷ್ ಮಾತಾಡಲಾ?"

ನಾನು ಪಟ್ಟಿ ನೋಡಿದೆ. ಒಂಬತ್ತೂ ಇಂಗ್ಲಿಷ್ ಪದ. ಕನ್ನಡ ಪದಗಳನ್ನು ಯಾಕೆ ಬರೆದಿಲ್ಲ ಎಂದೆ. "ಅದೂ ಲೆಕ್ಕಾನಾ?"

ಲೆಕ್ಕವೇ. ಯಾವ ಭಾಷೆಯದಾದರೂ ಲೆಕ್ಕವೇ. ಅಜ್ಜಿಯನ್ನು ಕರೆದು ಕೂರಿಸಿದೆವು. ಅವರು ಬೆರಳು ಮಡಚುತ್ತಾ ಹೋದರು. ನೀರು, ಬಿಸಿ, ಮಮ್ಮು, ಬೇಡ, ಕಾಗೆ, ಉಪ್ಪಿ ಅಂದ್ರೆ ಉಪ್ಪಿಟ್ಟು, ಜೋಜೋ, ತಾತ... ತಾಯಿ ಪೆನ್ನು ಹಿಡಿದು ಬರೆಯುತ್ತಿದ್ದರು. 38ಕ್ಕೆ ಬಂದು ನಿಂತಿತು. ಕಮ್ಮಿಯೇ, ಸುಳ್ಳು ಹೇಳುವುದಿಲ್ಲ. ಆದರೆ 9ಕ್ಕೂ 38ಕ್ಕೂ ಎಷ್ಟು ದೂರ! ಕನ್ನಡ ನಿಲ್ಲಿಸಬೇಡಿ, ಇಂಗ್ಲಿಷ್ ನರ್ಸರಿಯಲ್ಲಿ ತಾನಾಗಿ ಬರುತ್ತೆ ಎಂದೆ. ಕಿವಿ ಪರೀಕ್ಷೆಗೆ ಬರೆಸಿದೆವು. ಕಿವಿಯೊಳಗೆ ಅಂಟು ನೀರು ನಿಂತರೂ ಮಾತು ತಡವಾಗುತ್ತದೆ.

ಊಟದ ಹೊತ್ತಾಯಿತು. ಅಜ್ಜಿ ಮೊಬೈಲು ಎತ್ತಿ ನಿಲ್ಲಿಸಿದರು, ಕಾರ್ಟೂನ್ ಶುರುವಾಯಿತು, ಮಗು ಬಾಯಿ ತೆರೆಯಿತು. ನಾನು ಏನೂ ಹೇಳಿರಲಿಲ್ಲ. ಅಜ್ಜಿಯೇ ನನ್ನ ಮುಖ ನೋಡಿ ಅಂದರು: "ಊರಲ್ಲಾಗಿದ್ರೆ ಚಂದಮಾಮ ತೋರಿಸಿ ತಿನ್ನಿಸ್ತಿದ್ವಿ. ಇಲ್ಲಿ ಮೋಡ ಬಿಟ್ರೆ ಏನು ಕಾಣುತ್ತಮ್ಮ?" ಕಿಟಕಿಯ ಕೆಳಗೆ ಬಸ್ ಸ್ಟಾಪ್ ಇತ್ತು. ಬಸ್ಸು ತೋರಿಸಿ ಎಂದೆ. ಕೆಂಪು ಬಸ್ಸು ಬಂತು, ಹಸಿರು ಬಸ್ಸು ಹೋಯ್ತು, ತಾತ ಇಳಿದ್ರು, ಹೀಗೆ. ಅಜ್ಜಿಗೆ ನಂಬಿಕೆ ಬರಲಿಲ್ಲ. "ನಿಂಗೆ ಇದಕ್ಕೆಲ್ಲ ಸಂಬಳ ಕೊಡ್ತಾರಾ?" ಎಂದು ಕೇಳಿದರು. ನನ್ನ ಸೋದರತ್ತೆಯ ನೆನಪಾಯಿತು.

ಮೂರು ತಿಂಗಳು ಬಿಟ್ಟು ಮತ್ತೆ ಹೋದೆ. ಅಜ್ಜಿ ಊರಿಗೆ ಹೊರಟು ನಿಂತಿದ್ದರು, ಸೂಟ್‌ಕೇಸು ಹಾಲ್‌ನಲ್ಲೇ ಬಾಯಿ ತೆರೆದುಕೊಂಡಿತ್ತು. ಮೊಬೈಲು ಪೂರ್ತಿ ಹೋಗಿರಲಿಲ್ಲ. ರಾತ್ರಿ ಊಟಕ್ಕೆ ಮಾತ್ರ ಎಂದರು. ಮಗು ನನ್ನ ಚೀಲ ನೋಡಿತು. ದಿಮ್ಮಿ ಇರುವುದು ಅದಕ್ಕೆ ನೆನಪಿತ್ತು ಅಂತ ಕಾಣುತ್ತೆ. ಓಡಿ ಬಂದು ನನ್ನ ಕೈ ಹಿಡಿದು ಕೆಳಕ್ಕೆ ಎಳೆಯಿತು.

"ಆಂಟಿ, ಕೂತ್ಕೋ."

ತಾಯಿ ಅಡುಗೆಮನೆಯಿಂದ ಇಣುಕಿದರು. ಹುಟ್ಟಿದ ಪ್ರತಿ ಮಗುವಿಗೂ ಅಲ್ಲಿ ಒಂದು ಕೆಂಪು ಪುಸ್ತಕ ಕೊಡುತ್ತಾರೆ, ತೂಕ, ಚುಚ್ಚುಮದ್ದು ಎಲ್ಲ ಬರೆಯುವುದಕ್ಕೆ, ನಮ್ಮ ತಾಯಿ ಕಾರ್ಡಿನ ಥರ. ಅದನ್ನು ತರಿಸಿ, ಆ ದಿನದ ತಾರೀಖು ಹಾಕಿ, ಎರಡು ಪದ ಜೋಡಿಸುತ್ತಾಳೆ ಎಂದು ಇಂಗ್ಲಿಷಿನಲ್ಲಿ ಬರೆದೆ. ಪಕ್ಕದಲ್ಲಿ ಆ ಎರಡು ಪದವನ್ನು ಕನ್ನಡದಲ್ಲೇ ಬರೆದೆ. ಆಮೇಲೆ ಕೂತುಕೊಂಡೆ.

ನಮಸ್ಕಾರ.