ಕೊಪ್ಪರಿಗೆ ಉಕ್ಕಿದ ಹಾಗೆ ಮಿಣುಕಿದ ಎಲ್‌ಇಡಿ

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನಿಂತಿದ್ದೇನೆ, ಹಾಗಾಗಿ ಆಲೆಮನೆಯಿಂದಲೇ ಶುರು ಮಾಡುತ್ತೇನೆ.

ಕೊಪ್ಪರಿಗೆ ಹತ್ತಿರ ನಿಂತವರು ನೊರೆ ನೋಡಿ ಕೂಗುತ್ತಾರೆ. ಒಲೆಯ ಬಾಯಲ್ಲಿರುವವರು ರಚ್ಚು, ಅಂದರೆ ಹಿಂಡಿದ ಕಬ್ಬಿನ ಸಿಪ್ಪೆ, ಹಾಕೋದನ್ನ ಕಡಿಮೆ ಮಾಡುತ್ತಾರೆ. ಹೊಸಬ ಕೂತರೆ ಏನಾಗುತ್ತೆ? ಕಬ್ಬಿನ ಹಾಲು ಇನ್ನೂ ಕುದೀಲಿಲ್ಲ ಅಂತ ತುರುಕುತ್ತಲೇ ಇರುತ್ತಾನೆ. ಕುದಿ ಬರೋ ಹೊತ್ತಿಗೆ ಒಲೆ ತುಂಬಾ ಬೆಂಕಿ, ಹಾಲು ಉಕ್ಕುತ್ತದೆ. ಗಾಬರಿಬಿದ್ದು ನಿಲ್ಲಿಸುತ್ತಾನೆ. ಆಮೇಲೆ ಕುದಿಯೇ ಇಳಿದುಹೋಗುತ್ತದೆ.

ನನ್ನ ಈ ಟೇಬಲ್ ಲ್ಯಾಂಪೂ ಹಾಗೇ ಆಡುತ್ತಿತ್ತು. ಇದರಲ್ಲಿರೋದು ಒಂದು ಎಲ್‌ಇಡಿ, ಬೆಳಕು ಅಳೆಯೋಕೆ ಒಂದು ಎಲ್‌ಡಿಆರ್, ನಡುವೆ ಆರ್ಡುಯಿನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು. ಎಲ್‌ಡಿಆರ್ ಕಡೆಯಿಂದ 0ಯಿಂದ 1023ರವರೆಗೆ ಒಂದು ಅಂಕಿ ಬರುತ್ತದೆ. ಎಲ್‌ಇಡಿಗೆ ನಾವು ಕೊಡೋದು 0ಯಿಂದ 255. ಸುತ್ತಲಿನ ಬೆಳಕು ಹೆಚ್ಚುಕಡಿಮೆಯಾದರೂ ಎಲ್‌ಡಿಆರ್ ಅಂಕಿ 600ರಲ್ಲೇ ನಿಲ್ಲಬೇಕು, ನನಗೆ ಬೇಕಾದ ಬೆಳಕು ಅಷ್ಟು.

ಮೊದಲು ಸುಲಭದ ಲೆಕ್ಕ ಹಾಕಿದೆ. ಎಷ್ಟು ಕೊರತೆ ಇದೆಯೋ ಅದರ ಅರ್ಧದಷ್ಟು ಕೊಡು ಅಂದೆ. ಕತ್ತಲೆ ಕೋಣೆಯಲ್ಲಿ ಬೆಳಕು 400ಕ್ಕೆ ಬಂದು ನಿಂತುಬಿಟ್ಟಿತು. ಯಾಕೆ? ಕೊರತೆ 200, ಅದರ ಅರ್ಧ 100. ಆ 100ರಲ್ಲೇ ದೀಪ ಉರಿಯುತ್ತಿದೆ. ಕೊರತೆ ಪೂರ್ತಿ ತೀರಿದರೆ ದೀಪಕ್ಕೆ ಹೋಗೋದು ಸೊನ್ನೆ, ಅಲ್ವಾ? ಹಾಗಾಗಿ ಸ್ವಲ್ಪ ಸಾಲ ಉಳಿಸಿಕೊಂಡೇ ಅದು ಬದುಕಬೇಕು. ಅರ್ಧದ ಬದಲು ನಾಲ್ಕು ಪಟ್ಟು ಮಾಡಿದೆ. ಕಣ್ಣು ನೋಯುವ ಹಾಗೆ ಮಿಣುಕತೊಡಗಿತು.

ಎರಡು ರಾತ್ರಿ ಸುಮ್ನೆ ಅಂಕಿ ಬದಲಾಯಿಸುತ್ತಾ ಕೂತೆ. ತಪ್ಪು ಅಂಕಿಯದು ಮಾತ್ರ ಆಗಿರಲಿಲ್ಲ. ಎಲ್‌ಡಿಆರ್ ನಿಧಾನದ ಆಸಾಮಿ. ಬೆಳಕು ಬದಲಾದದ್ದು ಅದಕ್ಕೆ ಗೊತ್ತಾಗೋಕೆ ಹತ್ತಾರು ಮಿಲಿಸೆಕೆಂಡ್ ಬೇಕು, ಕತ್ತಲಾದದ್ದು ಗೊತ್ತಾಗೋಕೆ ಇನ್ನೂ ಜಾಸ್ತಿ. ನನ್ನ ಪ್ರೋಗ್ರಾಂ 10 ಮಿಲಿಸೆಕೆಂಡಿಗೊಮ್ಮೆ ಹಳೇ ಸುದ್ದಿ ಕೇಳಿ ಹೊಸ ಆಜ್ಞೆ ಕೊಡುತ್ತಿತ್ತು. ಆಲೆಮನೆಯ ಹೊಸಬನೇ!

ಎಲ್‌ಡಿಆರ್ ಬದಲು, ಬೆಳಕನ್ನು ಚುರುಕಾಗಿ ಅಳೆಯೋ ಫೋಟೋಡಯೋಡ್ ಹಾಕಿದೆ. ಅದರ ರಗಳೆ ಬೇರೆ. ಆರ್ಡುಯಿನೋ ಎಲ್‌ಇಡಿಯನ್ನು ಸೆಕೆಂಡಿಗೆ ಸುಮಾರು 490 ಸಲ ಹಚ್ಚಿ ಆರಿಸುತ್ತದೆ. ನಮ್ಮ ಕಣ್ಣಿಗೆ ಅದು ಮಂದ ಬೆಳಕು, ಫೋಟೋಡಯೋಡಿಗೆ ಒಮ್ಮೆ ಬೆಳಕು ಒಮ್ಮೆ ಕತ್ತಲು. ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಹಾಕಿ ಸರಾಸರಿ ಮಾಡಬೇಕು. ಅದರಿಂದಲೂ ಒಂಚೂರು ತಡವಾಗುತ್ತೆ, ಆದರೆ ಎಷ್ಟು ಅಂತ ನಾವೇ ಆರಿಸಿಕೊಳ್ಳಬಹುದು.

ಉಳಿದ ಕೊರತೆಗೆ ಮದ್ದು, ಹಳೇ ಕೊರತೆಯನ್ನೆಲ್ಲ ಕೂಡಿಸುತ್ತಾ ಹೋಗೋದು. ಅದನ್ನೇ ಇಂಟಿಗ್ರಲ್ ಅನ್ನೋದು. ಕೊರತೆ ಎಷ್ಟು ಬೇಗ ಬದಲಾಗುತ್ತಿದೆ ಅಂತ ನೋಡೋ ಲೆಕ್ಕಕ್ಕೆ ಡೆರಿವೇಟಿವ್ ಅಂತಾರೆ. ಅದು ಈ ಕೆಲಸಕ್ಕೆ ಬೇಡ ಅನ್ನೋದು ನನ್ನ ಅನಿಸಿಕೆ, ಸೆನ್ಸರಿನ ಸಣ್ಣ ನಡುಕವನ್ನೂ ಅದು ದೊಡ್ಡದು ಮಾಡುತ್ತದೆ. ಕೂಡಿಸುವಾಗ ಒಂದು ಎಚ್ಚರ. ಸೆನ್ಸರನ್ನು ಹೀಗೆ ಅಂಗೈಯಲ್ಲಿ ಮುಚ್ಚಿದರೆ ದೀಪ 255ಕ್ಕೆ ಏರುತ್ತದೆ, ಮೊತ್ತ ಮಾತ್ರ ಬೆಳೆಯುತ್ತಲೇ ಇರುತ್ತದೆ. ಕೈ ತೆಗೆದರೂ ಆ ಸಾಲ ತೀರುವ ತನಕ ದೀಪ ಇಳಿಯೋದಿಲ್ಲ. 255 ಮುಟ್ಟಿದ ಕೂಡಲೇ ಕೂಡಿಸೋದನ್ನ ನಿಲ್ಲಿಸಿ, ಸರಿಹೋಗುತ್ತೆ.

ಹಿಂದಿನ ಸಾಲಿನವರು ಆ ಟ್ಯೂಬ್‌ಲೈಟ್ ಸ್ವಲ್ಪ ಆರಿಸ್ತೀರಾ? ಈಗ ಲ್ಯಾಂಪ್ ನೋಡಿ.