ನೀಲಿ ಲೈಟ್ ಉರೀತಿದ್ರೆ ನೀರು ಶುದ್ಧನಾ?

ನಮಸ್ಕಾರ ಕೇಳುಗರೇ. ನೀರಿನ ಯೂವಿ ಮಷೀನ್, ಅಂದ್ರೆ ನೇರಳಾತೀತ ಕಿರಣದಿಂದ ನೀರು ಶುದ್ಧ ಮಾಡೋ ಯಂತ್ರ ಅಂದ್ರೆ ಸುಮಾರು ಜನ ಒಳಗೆ ನೀಲಿ ಲೈಟ್ ಉರೀತಿದ್ಯಾ ಅಂತ ಇಣುಕಿ ನೋಡ್ತಾರೆ, ಉರೀತಿದ್ರೆ ಎಲ್ಲಾ ಸರಿ ಇದೆ ಅಂದ್ಕೊಂಡ್ಬಿಡ್ತಾರೆ. ಆದ್ರೆ ಕೆಲಸ ಮಾಡೋದು ಆ ನೀಲಿ ಅಲ್ಲ, ಕಣ್ಣಿಗೆ ಕಾಣದ 254 ನ್ಯಾನೋಮೀಟರ್ ಕಿರಣ. ಅದು ರೋಗಾಣುವಿನ ಡಿಎನ್‌ಎ ಕೆಡಿಸುತ್ತೆ, ಆಮೇಲೆ ಅದಕ್ಕೆ ಸಂತಾನ ಬೆಳೆಸೋಕಾಗಲ್ಲ. ಕೂಡ್ಲೇ ಸಾಯ್ದೇ ಇರ್ಬಹುದು, ವಂಶ ಅಂತೂ ಅಲ್ಲಿಗೆ ನಿಂತ್ಹೋಗುತ್ತೆ, ನಮಗೆ ಅಷ್ಟು ಸಾಕು.

ಕಿರಣ ಎಷ್ಟು ಜೋರಾಗಿದೆ, ನೀರು ಎಷ್ಟು ಸೆಕೆಂಡ್ ಅದಕ್ಕೆ ಸಿಕ್ತು, ಎರಡನ್ನೂ ಗುಣಿಸಿದ್ರೆ ಡೋಸ್. ಕ್ಲೋರಿನ್‌ಗೂ ಜಗ್ಗದ ಕ್ರಿಪ್ಟೊಸ್ಪೊರಿಡಿಯಂ ಅನ್ನೋ ಪರಾವಲಂಬಿ ರೋಗಾಣು, ಅದೇ 1993ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಲಕ್ಷಗಟ್ಟಲೆ ಜನರ ಹೊಟ್ಟೆ ಕೆಡಿಸಿತ್ತಲ್ಲ, ಅದನ್ನ ಹತ್ತು ಸಾವಿರಕ್ಕೆ ಒಂದರಷ್ಟಕ್ಕೆ ಇಳಿಸೋಕೆ ಅಲ್ಲಿನ ಸರ್ಕಾರಿ ಪರಿಸರ ಸಂಸ್ಥೆ ಇಪಿಎ ಲೆಕ್ಕದಲ್ಲಿ ಚದರ ಸೆಂಟಿಮೀಟರ್‌ಗೆ 22 ಮಿಲಿಜೂಲ್ ಸಾಕು. ವೈರಸ್‌ಗಳಿಗೆ ಅದೇ ಲೆಕ್ಕದಲ್ಲಿ 186 ಬೇಕು, ಅಡೆನೊವೈರಸ್ ಅಷ್ಟು ಹಠಮಾರಿ.

ಇಲ್ಲಿ ಸರಾಸರಿ ನಂಬಿದ್ರೆ ಕೆಟ್ಟಿರಿ. ರಿಯಾಕ್ಟರ್, ಅಂದ್ರೆ ಲ್ಯಾಂಪ್ ಇರೋ ಕೋಣೆ, ಅದರ ಒಳಗೆ ಒಂದಿಷ್ಟು ನೀರು ಲ್ಯಾಂಪ್ ಹತ್ರ ಸುತ್ತಾಡ್ಕೊಂಡು ಬರುತ್ತೆ, ಒಂದಿಷ್ಟು ಗೋಡೆ ಪಕ್ಕದಲ್ಲೇ ಸರ್ರಂತ ಹಾದು ಹೊರಗೆ ಹೋಗ್ಬಿಡುತ್ತೆ, ರೋಗ ಬರೋದು ಆ ಎರಡನೇ ನೀರಿಂದ. ಅದಕ್ಕೇ ಎಂಎಸ್2 ಅನ್ನೋ, ಮನುಷ್ಯರಿಗೆ ತೊಂದ್ರೆ ಕೊಡದ ವೈರಸ್ಸನ್ನ ಬೇಕಂತಲೇ ನೀರಿಗೆ ಬಿಟ್ಟು, ಆಚೆ ಎಷ್ಟು ಉಳೀತು ಅಂತ ಎಣಿಸಿ ಮಷೀನನ್ನ ಪರೀಕ್ಷೆ ಮಾಡೋದು.

ಇನ್ನು ನೀರು ಕಣ್ಣಿಗೆ ತಿಳಿಯಾಗೇ ಕಾಣ್ಬಹುದು, ಆದ್ರೆ ಅದರಲ್ಲಿ ಕರಗಿರೋ ಕಬ್ಬಿಣ, ಕೊಳೆತ ಎಲೆಗಳಿಂದ ಬರೋ ಅಂಶ ಇವೆಲ್ಲ ಕಿರಣನ ನುಂಗಿ ಹಾಕ್ತವೆ. ಹಾಗಾಗಿ ಡಿಸೈನ್ ಮಾಡುವಾಗ ವರ್ಷದಲ್ಲಿ ಅತೀ ಕೆಟ್ಟ ನೀರು ಬರೋ ತಿಂಗಳ ಯೂವಿಟಿ, ಅಂದ್ರೆ ನೀರು ಎಷ್ಟು ಪಾಲು ಕಿರಣನ ದಾಟಿ ಹೋಗೋಕೆ ಬಿಡುತ್ತೆ ಅನ್ನೋ ಲೆಕ್ಕ, ಅದನ್ನ ಹಿಡೀಬೇಕು, ಸ್ಯಾಂಪಲ್ ತೆಗೆದ ಒಳ್ಳೇ ದಿನದ್ದಲ್ಲ. ಲ್ಯಾಂಪ್ ಸುತ್ತ ಇರೋ ಕ್ವಾರ್ಟ್ಜ್ ಸ್ಲೀವ್, ಅಂದ್ರೆ ಗಾಜಿನಂಥ ಕೊಳವೆ, ಅದರ ಮೇಲೆ ಗಡಸು ನೀರಿನ ಬಿಳಿ ಪದರ, ಕಬ್ಬಿಣದ ಕಂದು ಪದರ ಕೂರುತ್ತೆ, ಅದನ್ನ ಒರೆಸೋಕೆ ವೈಪರ್ ಬೇಕು. ಕಿರಣ ಎಷ್ಟು ಜೋರಾಗಿದೆ ಅಂತ ಅಳೆಯೋ ಸೆನ್ಸರ್ ಕೂಡ ಬೇಕೇ ಬೇಕು, ಆ ಸೆನ್ಸರೂ ಸುಳ್ಳು ಹೇಳುತ್ತೆ, ಆಗಾಗ ಇನ್ನೊಂದು ಸೆನ್ಸರ್ ಇಟ್ಟು ತಾಳೆ ನೋಡ್ತಿರಬೇಕು.

ಜನ ಮರೆಯೋದು ಕರೆಂಟ್. ಕಣ್ಣು ಮಿಟುಕಿಸೋಷ್ಟು ಹೊತ್ತು ವೋಲ್ಟೇಜ್ ಬಿದ್ರೂ ಲ್ಯಾಂಪ್ ಆರಬಹುದು, ಮತ್ತೆ ಪೂರ್ತಿ ಶಕ್ತಿಗೆ ಬರೋಕೆ ನಿಮಿಷಗಳೇ ಬೇಕು, ಅಷ್ಟರಲ್ಲಿ ಹರಿದ ನೀರೆಲ್ಲ ಹಸಿ ನೀರೇ. ಯೂಪಿಎಸ್ ಹಾಕಿ, ಸ್ಟ್ಯಾಂಡ್‌ಬೈ ರಿಯಾಕ್ಟರ್ ಇಡಿ, ಕರೆಂಟ್ ಹೋದ್ರೆ ವಾಲ್ವ್ ತಾನಾಗೇ ಮುಚ್ಕೊಳ್ಳೋ ಥರ ಮಾಡಿ. ಪೈಪಲ್ಲಿ ಮುಂದೆ ಸೇರೋ ಕೊಳೆಗೆ ಯೂವಿ ಏನೂ ಮಾಡಲ್ಲ, ಊರಿಗೆಲ್ಲ ಹೋಗೋ ನೀರಾದ್ರೆ ಕೊನೇಲಿ ಸ್ವಲ್ಪ ಕ್ಲೋರಿನ್ ಇರ್ಲಿ.

ಮಾರೋರು ಬಂದಾಗ ಎಷ್ಟು ವ್ಯಾಟ್ ಅಂತ ಕೇಳ್ಬೇಡಿ. ಎಷ್ಟು ಫ್ಲೋದಲ್ಲಿ, ಎಷ್ಟು ಯೂವಿಟಿಯಲ್ಲಿ, ಲ್ಯಾಂಪ್ ಹಳೇದಾದ ಮೇಲೂ ಎಷ್ಟು ಡೋಸ್ ಸಿಗುತ್ತೆ ಅಂತ ಪರೀಕ್ಷೆ ಮಾಡಿ ತೋರಿಸಿದ ವ್ಯಾಲಿಡೇಶನ್ ರಿಪೋರ್ಟ್ ಕೇಳಿ, ಅದು ಕೈಗೆ ಬರೋವರೆಗೂ ರೇಟಿನ ಮಾತೇ ಬೇಡ.