ಉಸಿರಿನ ಹಗ್ಗ: ಧ್ರುವ ಸಮುದ್ರಗಳಲ್ಲಿ ಸೀಲ್‌ಗಳ ಬೇಟೆ

ವೇದಿಕೆಯ ಮೇಲಿರುವ ಹಿರಿಯರಿಗೂ, ಈ ಬಿಸಿಲಿನಲ್ಲಿ ಗಂಗಾವತಿ, ಕಂಪ್ಲಿ, ಮುನಿರಾಬಾದ್ ಕಡೆಯಿಂದ ಕೊಪ್ಪಳಕ್ಕೆ ಬಂದಿರುವ ವಿಜ್ಞಾನಾಸಕ್ತರಿಗೂ, ವಿದ್ಯಾರ್ಥಿಗಳಿಗೂ ನಮಸ್ಕಾರ. ಏಪ್ರಿಲ್ ತಿಂಗಳಲ್ಲಿ, ಫ್ಯಾನು ಕೂಡ ಬಿಸಿಗಾಳಿಯನ್ನೇ ಬೀಸುತ್ತಿರುವಾಗ, ಮಂಜುಗಡ್ಡೆಯ ಕೆಳಗೆ ಬದುಕುವ ಪ್ರಾಣಿಯ ಬಗ್ಗೆ ಮಾತಾಡುತ್ತೇನೆಂದು ಹೇಳಿದಾಗ ನಮ್ಮ ಮನೆಯವರೇ ನಕ್ಕರು. ಕೇಳುವಷ್ಟು ಹೊತ್ತಾದರೂ ನಿಮಗೆ ತಂಪಾಗಲಿ.

ಮೊದಲು ಹೆಸರಿನ ಗೊಂದಲವನ್ನು ಬಗೆಹರಿಸಿಕೊಳ್ಳೋಣ. ಸೀಲ್ ಎಂಬ ಕಡಲಿನ ಸಸ್ತನಿಗೆ ಕೆಲವರು ಕನ್ನಡದಲ್ಲಿ ನೀರುನಾಯಿ ಎಂದು ಬರೆಯುತ್ತಾರೆ. ತುಂಗಭದ್ರೆಯ ದಡದಲ್ಲಿ ಬೆಳೆದವರ ಮುಂದೆ ಆ ಮಾತು ನಡೆಯುವುದಿಲ್ಲ. ನಮಗೆ ನೀರುನಾಯಿ ಎಂದರೆ ಹೊಳೆಯ ಬಂಡೆಗಳ ಮೇಲೆ ಗುಂಪಾಗಿ ಮೈಕಾಯಿಸುತ್ತ, ಬಲೆಯ ಮೀನಿಗೂ ಬಾಯಿ ಹಾಕಿ ಮೀನುಗಾರರಿಂದ ಬೈಸಿಕೊಳ್ಳುವ ಪ್ರಾಣಿ. 2015ರಲ್ಲಿ ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳ ನಡುವಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು ಸರ್ಕಾರ ಮೀಸಲು ಪ್ರದೇಶವಾಗಿ ಘೋಷಿಸಿದ್ದು ಅದಕ್ಕಾಗಿ. ಅದು ಬೇರೆ ಕುಲ, ಸೀಲ್ ಬೇರೆ ಕುಲ. ಆದ್ದರಿಂದ ನಾನು ಸೀಲ್ ಎಂದೇ ಕರೆಯುತ್ತೇನೆ. ಆದರೂ ನಮ್ಮ ನೀರುನಾಯಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರೆ ಸೀಲ್‌ನ ಕಷ್ಟ ಬೇಗ ತಿಳಿಯುತ್ತದೆ. ನೀರುನಾಯಿಯ ಒತ್ತಾದ ತುಪ್ಪಳದಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಕುರಿ ಕಾಯುವವರ ಕಂಬಳಿಯಂತೆ ಆ ಗಾಳಿಯೇ ಅದನ್ನು ಬೆಚ್ಚಗಿಡುತ್ತದೆ. ನೂರಾರು ಮೀಟರ್ ಆಳದಲ್ಲಿ ನೀರಿನ ಒತ್ತಡಕ್ಕೆ ಸಿಕ್ಕಿದ ಗಾಳಿ ಹಿಂಡಿಹೋಗುವುದರಿಂದ, ಅಷ್ಟು ಕೆಳಗೆ ಇಳಿಯುವ ಸೀಲ್‌ಗಳು ಚರ್ಮದ ಕೆಳಗಿನ ದಪ್ಪ ಕೊಬ್ಬಿನ ಪದರವನ್ನು ನೆಚ್ಚಿಕೊಂಡಿವೆ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಹೊಳೆಯ ನೀರುನಾಯಿ ಉಸಿರು ಬೇಕೆಂದಲ್ಲಿ ತಲೆ ಎತ್ತಬಹುದು. ಮಂಜುಗಡ್ಡೆಯ ಚಾವಣಿಯ ಕೆಳಗಿರುವ ಸೀಲ್‌ಗೆ ಆ ಅನುಕೂಲವಿಲ್ಲ.

ಗೂಟಕ್ಕೆ ಕಟ್ಟಿದ ಕರು ಹಗ್ಗ ಇರುವಷ್ಟು ದೂರ ಮಾತ್ರ ಮೇಯುತ್ತದೆ. ಅಂಟಾರ್ಕ್ಟಿಕದ ವೆಡೆಲ್ ಸೀಲ್ ಕೂಡ ಹಾಗೆಯೇ ಕಟ್ಟಿಹಾಕಿದ ಪ್ರಾಣಿ. ಮಂಜಿನಲ್ಲಿರುವ ಉಸಿರುಕಿಂಡಿ ಅದರ ಗೂಟ. ಎಳೆದುಕೊಂಡ ಉಸಿರು ಅದರ ಹಗ್ಗ. ಮೇವು ಕೆಳಗೆ, ಗಾಳಿ ಮೇಲೆ. ಎಷ್ಟು ಆಳಕ್ಕೆ ಇಳಿಯಬೇಕು, ಯಾವ ಮೀನನ್ನು ಬೆನ್ನಟ್ಟಬೇಕು, ಯಾವುದನ್ನು ಬಿಟ್ಟು ತಿರುಗಬೇಕು ಎಂಬ ಪ್ರತಿಯೊಂದು ತೀರ್ಮಾನವೂ ಆ ಹಗ್ಗದ ಉದ್ದದಿಂದಲೇ ಹುಟ್ಟುತ್ತದೆ ಎಂಬುದು ನಾನು ಈ ಹೊತ್ತು ಹೇಳಬೇಕೆಂದಿರುವ ವಿಷಯ.

ವೆಡೆಲ್ ಸೀಲ್ 400ರಿಂದ 500 ಕಿಲೋ ತೂಗುತ್ತದೆ. ಕಾಡುಪ್ರಾಣಿಗಳ ಪೈಕಿ ಭೂಮಿಯ ಅತಿ ದಕ್ಷಿಣದಲ್ಲಿ ಮರಿ ಹಾಕುವ ಸಸ್ತನಿ ಇದೇ. ದಡಕ್ಕೆ ಅಂಟಿಕೊಂಡ ಮಂಜುಗಡ್ಡೆಯಲ್ಲಿ ಬಿರುಕು ಹುಡುಕಿ, ಅಲ್ಲಿನ ಕಿಂಡಿ ಹೆಪ್ಪುಗಟ್ಟಿ ಮುಚ್ಚದಂತೆ ಹಲ್ಲಿನಿಂದ ಕೆರೆಯುತ್ತಲೇ ಇರುತ್ತದೆ. ಬಾಯಿ ಅಗಲ ತೆರೆದು, ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ಮುಂದಿನ ಹಲ್ಲುಗಳಿಂದ ಮಂಜನ್ನು ಹೆರೆಯುವುದನ್ನು ನೋಡಿದರೆ, ಬಡಗಿಯೊಬ್ಬ ಉಜ್ಜುಗೊರಡು ಹಿಡಿದಂತೆ ಕಾಣುತ್ತದೆ.

ಇದರ ಮುಳುಗುವಿಕೆಯನ್ನು ಮೊದಮೊದಲು ಅಳೆದವರಲ್ಲಿ ಒಬ್ಬರು ಅಮೆರಿಕದ ವಿಜ್ಞಾನಿ ಜೆರಾಲ್ಡ್ ಕೂಯ್ಮನ್. 1960ರ ದಶಕದಲ್ಲಿ ಅಂಟಾರ್ಕ್ಟಿಕದ ಮೆಕ್‌ಮರ್ಡೊ ಕೊಲ್ಲಿಯಲ್ಲಿ ಅವರು ಹೂಡಿದ ಉಪಾಯ ಸರಳವಾಗಿತ್ತು. ಸುತ್ತ ಬೇರೆ ಯಾವ ಬಿರುಕೂ ಇಲ್ಲದ ಕಡೆ ಮಂಜಿನಲ್ಲಿ ಒಂದು ಕಿಂಡಿ ಕೊರೆದು, ಸೀಲ್ ಅನ್ನು ಅಲ್ಲಿಗೆ ತಂದು ನೀರಿಗೆ ಬಿಟ್ಟರು. ಎಲ್ಲಿ ಹೋದರೂ ಉಸಿರಿಗಾಗಿ ಅದು ಅದೇ ಕಿಂಡಿಗೆ ಮರಳಲೇಬೇಕು; ಮರಳಿದಾಗ ಬೆನ್ನಿಗೆ ಕಟ್ಟಿದ ಯಂತ್ರವನ್ನು ಬಿಚ್ಚಿಕೊಳ್ಳಬಹುದು. ಆ ಯಂತ್ರವೋ, ಅಡುಗೆಮನೆಯಲ್ಲಿ ಹೊತ್ತು ನೋಡಿಕೊಳ್ಳಲು ಇಡುವ ಟೈಮರ್‌ನಿಂದ ಮಾಡಿದ್ದು. ಮಸಿ ಹಿಡಿಸಿದ ಗಾಜಿನ ಬಿಲ್ಲೆ ಗಡಿಯಾರದಂತೆ ತಿರುಗುತ್ತಿದ್ದರೆ, ಒತ್ತಡ ಹೆಚ್ಚಿದಂತೆ ಒಂದು ಮುಳ್ಳು ಅದರ ಮೇಲೆ ಗೀರು ಎಳೆಯುತ್ತಿತ್ತು. ಸೀಲ್ 600 ಮೀಟರ್ ಆಳಕ್ಕೆ ಹೋಗಿ ಬರುತ್ತದೆ, 40 ನಿಮಿಷಕ್ಕೂ ಮೀರಿ ನೀರಿನಲ್ಲಿರಬಲ್ಲದು ಎಂದು ಆ ಗೀರುಗಳು ತೋರಿಸಿದವು. ವಿಜ್ಞಾನಕ್ಕೆ ದೊಡ್ಡ ಹಣವೇ ಬೇಕೆಂದು ನಂಬಿರುವ ವಿದ್ಯಾರ್ಥಿಗಳು ಆ ಟೈಮರ್ ಅನ್ನು ನೆನಪಿಟ್ಟುಕೊಳ್ಳಲಿ.

ನಾನು ಕುಷ್ಟಗಿ ಕಡೆಯವನು. ಬೇಸಿಗೆಯಲ್ಲಿ ತೋಟದ ಬಾವಿಗೆ ಹಾರಿ, ತಳದ ಕಲ್ಲು ತರುವ ಪಂದ್ಯ ಕಟ್ಟುತ್ತಿದ್ದೆವು. ಎದೆ ಉಬ್ಬುವಷ್ಟು ಗಾಳಿ ಎಳೆದು, ದಮ್ಮು ಹಿಡಿದು ಹಾರಿದರೆ ಆ ಗಾಳಿಯೇ ನಮ್ಮನ್ನು ಮೇಲಕ್ಕೆ ತಳ್ಳುತ್ತಿತ್ತು. ಅರ್ಧ ಬಾವಿ ಇಳಿಯುವಷ್ಟರಲ್ಲಿ ಕಿವಿ ಗುಂಯ್ ಎನ್ನುತ್ತಿತ್ತು. ಸೀಲ್ ಇದಕ್ಕೆ ತೀರ ತಿರುಗುಮುರುಗು: ಮುಳುಗುವ ಮೊದಲು ಅದು ಉಸಿರನ್ನು ಹೊರಗೆ ಬಿಡುತ್ತದೆ. ನಮ್ಮ ದೇಹದ ಆಮ್ಲಜನಕದಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಶ್ವಾಸಕೋಶದಲ್ಲಿದ್ದರೆ, ವೆಡೆಲ್ ಸೀಲ್‌ನಲ್ಲಿ ಅಲ್ಲಿರುವುದು ಶೇಕಡಾ 5ರಷ್ಟು ಮಾತ್ರ. ಉಳಿದದ್ದೆಲ್ಲ ರಕ್ತದಲ್ಲಿ ಮತ್ತು ಸ್ನಾಯುಗಳಲ್ಲಿ. ದೇಹದ ತೂಕಕ್ಕೆ ಹೋಲಿಸಿದರೆ ಅದರ ರಕ್ತದ ಪ್ರಮಾಣ ನಮ್ಮ ಸುಮಾರು ಎರಡು ಪಟ್ಟು. ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ತುಂಬಿದ ಮಾಂಸವು ಕಪ್ಪಿಗೆ ತಿರುಗಿದ ಕೆಂಪು. ಆಳದಲ್ಲಿ ಶ್ವಾಸಕೋಶ ಮುದುಡಿಕೊಳ್ಳುವುದರಿಂದ ಸಾರಜನಕ ರಕ್ತಕ್ಕೆ ಸೇರಿ ತೊಂದರೆ ಕೊಡುವ ಅಪಾಯವೂ ತಗ್ಗುತ್ತದೆ. ಗುಂಡಿಗೆಯ ಬಡಿತ ಇಳಿಯುತ್ತದೆ. ಮಿದುಳಿಗೆ ರಕ್ತ ತಪ್ಪದಂತೆ ಉಳಿದ ಕಡೆಗಳ ಹರಿವು ಬಿಗಿಯಾಗುತ್ತದೆ.

ಇಷ್ಟೆಲ್ಲ ಸಿದ್ಧತೆ ಇದ್ದರೂ ಸೀಲ್ ತನ್ನ ಹಗ್ಗವನ್ನು ಕೊನೆಯವರೆಗೆ ಎಳೆಯುವುದು ಅಪರೂಪ. ಅದರ ಹೆಚ್ಚಿನ ಮುಳುಗುಗಳು 20 ನಿಮಿಷದೊಳಗೆ ಮುಗಿಯುತ್ತವೆ. ಅದಕ್ಕೂ ಹೆಚ್ಚು ಹೊತ್ತು ಇದ್ದರೆ ಆಮ್ಲಜನಕದ ದಾಸ್ತಾನು ಸಾಲದೆ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಸೇರತೊಡಗುತ್ತದೆ. ಮುಕ್ಕಾಲು ಗಂಟೆಯ ಒಂದು ಮುಳುಗಿಗೆ ಮೇಲೆ ಬಂದು ಒಂದು ಗಂಟೆಗೂ ಹೆಚ್ಚು ಹೊತ್ತು ಸುಧಾರಿಸಿಕೊಳ್ಳಬೇಕು. ಅದೇ ಹದಿನೈದು ನಿಮಿಷದ ಮುಳುಗಾದರೆ ಕೆಲವೇ ನಿಮಿಷ ಉಸಿರಾಡಿ ಮತ್ತೆ ಇಳಿಯಬಹುದು. ಬಡ್ಡಿಗೆ ಸಾಲ ತಂದು ಬಿತ್ತುವವನ ಲೆಕ್ಕ ನಮ್ಮ ಕಡೆ ಯಾರಿಗೂ ವಿವರಿಸಬೇಕಾಗಿಲ್ಲ. ಸೀಲ್ ಕೈಗಡಕ್ಕೆ ಹೋಗದೆ ಇದ್ದುದರಲ್ಲೇ ಸಾಗಿಸುವ ಜಾತಿಯದು. ಬೇಟೆ 300 ಮೀಟರ್ ಆಳದಲ್ಲಿದೆ ಎಂದುಕೊಳ್ಳಿ. ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ನೇರ ಇಳಿದರೂ ಹೋಗಲು ಮೂರು ನಿಮಿಷದ ಮೇಲೆ, ಬರಲು ಮೂರು ನಿಮಿಷದ ಮೇಲೆ. ಹುಡುಕಲು, ಹಿಡಿಯಲು ಆ 20 ನಿಮಿಷದಲ್ಲಿ ಉಳಿಯುವುದು ಹದಿಮೂರು ನಿಮಿಷ. ಆ ಖರ್ಚನ್ನೂ ತಗ್ಗಿಸಲು ಅದು ಇಳಿಯುವಾಗ ಈಜನ್ನೇ ನಿಲ್ಲಿಸುತ್ತದೆ. ಎದೆಯ ಗಾಳಿ ಹಿಂಡಿಹೋದ ಮೇಲೆ ದೇಹ ನೀರಿಗಿಂತ ಭಾರವಾಗುತ್ತದೆ. ಹಿಂಗಾಲು ಆಡಿಸದೆ ಕಲ್ಲಿನಂತೆ ಜಾರುತ್ತ ಹೋಗುತ್ತದೆ. ಸೀಲ್‌ಗಳ ಮೈಮೇಲೆ ಕ್ಯಾಮೆರಾ ಕೂರಿಸಿ ನೋಡಿದ ಸಂಶೋಧಕರು 2000ನೇ ಇಸವಿಯಲ್ಲಿ ಇದನ್ನು ಪ್ರಕಟಿಸಿದರು.

ಅದಕ್ಕೆ ಒಂದು ವರ್ಷ ಮೊದಲು ಅಂತಹದೇ ಕ್ಯಾಮೆರಾದ ಚಿತ್ರಗಳಿಂದ ತಿಳಿದ ಸಂಗತಿಯೊಂದು ನನಗೆ ಇನ್ನೂ ಇಷ್ಟ. ಅಲ್ಲಿನ ಸಮುದ್ರದ ನೀರು ಶೂನ್ಯಕ್ಕಿಂತ ಸುಮಾರು 1.9 ಡಿಗ್ರಿ ಕೆಳಗಿದ್ದರೂ ಹೆಪ್ಪುಗಟ್ಟುವುದಿಲ್ಲ. ಕುಲ್ಫಿ ಗಾಡಿಯವರು ಐಸಿಗೆ ಉಪ್ಪು ಬೆರೆಸುವ ಕಾರಣವೇ ಇದಕ್ಕೂ ಕಾರಣ. ಆ ನೀರಿನ ಮೀನುಗಳ ರಕ್ತದಲ್ಲಿ ಮಂಜಿನ ಹರಳು ಬೆಳೆಯದಂತೆ ತಡೆಯುವ ಪ್ರೋಟೀನ್ ಇರುವುದರಿಂದ, ಸಣ್ಣ ಮೀನುಗಳು ಚಾವಣಿಯ ಮಂಜಿನ ಸಂದುಗಳಲ್ಲೇ ಅಡಗಿ ಕೂರಬಲ್ಲವು. ಸೀಲ್ ಮೆಲ್ಲಗೆ ಕೆಳಗಿನಿಂದ ಬಂದು, ಮೂಗಿನಿಂದ ಗುಳ್ಳೆಗಳನ್ನು ಸಂದಿನೊಳಗೆ ಊದಿ, ಬೆದರಿ ಹೊರಬಿದ್ದ ಮೀನನ್ನು ಹಿಡಿಯುತ್ತದೆ. ಇರುವ ಅಷ್ಟಿಷ್ಟು ಗಾಳಿಯಲ್ಲೂ ಒಂದು ಪಾಲನ್ನು ಬೇಟೆಗೆ ಹಾಕುವ ಪ್ರಾಣಿ ಇದು. ಆಳದಲ್ಲಿ ಸಿಗುವ ಮುಖ್ಯ ಆಹಾರವೆಂದರೆ ಬೆಳ್ಳಿಮೀನು ಎನ್ನಬಹುದಾದ ಒಂದು ಚಿಕ್ಕ ಜಾತಿಯ ಮೀನು; ಒಮ್ಮೊಮ್ಮೆ ಹತ್ತಾರು ಕಿಲೋ ತೂಗುವ ಟೂತ್‌ಫಿಶ್ ಸಿಕ್ಕರೆ ಅದನ್ನು ಕಿಂಡಿಗೆ ತಂದು ಹರಿದು ತಿನ್ನುತ್ತದೆ.

ತಿಂಗಳುಗಟ್ಟಲೆ ಸೂರ್ಯನೇ ಮೂಡದ ಚಳಿಗಾಲದಲ್ಲಿ ಹೇಗೆ ಎಂದು ನೀವು ಕೇಳಬಹುದು. ಕಣ್ಣಿನ ಜೊತೆಗೆ ಮೀಸೆಯೂ ಇದೆ. ಜರ್ಮನಿಯ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಣ್ಣು ಕಿವಿ ಮುಚ್ಚಿದ ಹಾರ್ಬರ್ ಸೀಲ್ ಒಂದು ಆಟಿಕೆಯಂತಹ ಜಲಾಂತರ್ಗಾಮಿ ಹೋದ ದಾರಿಯನ್ನು ನೀರಿನಲ್ಲಿ ಉಳಿದ ಅಲುಗಾಟದಿಂದಲೇ ಹಿಡಿದು ಹಿಂಬಾಲಿಸಿತು. ಮೀನು ಹೋದ ಮೇಲೂ ಅದರ ಹೆಜ್ಜೆ ಉಳಿಯುತ್ತದೆ ಎಂದರೆ ಅತಿಶಯವಾಗದು.

ಇನ್ನು ಉಳಿದ ಸೀಲ್‌ಗಳನ್ನು ಬೇಗ ನೋಡಿ ಮುಗಿಸುತ್ತೇನೆ. ಏಡಿ ತಿನ್ನುವ ಸೀಲ್ ಎಂದು ಹೆಸರು ಪಡೆದ ಕ್ರ್ಯಾಬ್‌ಈಟರ್ ಏಡಿಯನ್ನು ತಿನ್ನುವುದೇ ಇಲ್ಲ. ಸೀಗಡಿಯಂತಹ ಕ್ರಿಲ್ ಅದರ ಆಹಾರ. ತೇಲುಮಂಜಿನ ನಡುವೆ ನೀರು ಬಾಯಿ ತುಂಬಿಕೊಂಡು, ಏಣು ಏಣಾದ ಹಲ್ಲುಗಳನ್ನು ಒಂದಕ್ಕೊಂದು ಕೂಡಿಸಿ, ಜರಡಿ ಹಿಡಿದಂತೆ ಕ್ರಿಲ್ ಉಳಿಸಿಕೊಂಡು ನೀರು ಚೆಲ್ಲುತ್ತದೆ. ದಕ್ಷಿಣದ ಆನೆಸೀಲ್ ಅಂತೂ ಮಂಜಿನ ಗೂಟವನ್ನೇ ನೆಚ್ಚದೆ ಸಾವಿರಾರು ಕಿಲೋಮೀಟರ್ ಅಲೆದು 2000 ಮೀಟರ್ ಮೀರಿದ ಆಳಕ್ಕೂ ಇಳಿದ ದಾಖಲೆ ಇದೆ. ಅದರ ತಲೆಯ ರೋಮಕ್ಕೆ ಅಂಟಿಸಿದ ಉಪಕರಣಗಳು ನೀರಿನ ಉಷ್ಣತೆ, ಉಪ್ಪಿನಂಶ ಅಳೆದು ಉಪಗ್ರಹಕ್ಕೆ ಕಳಿಸುತ್ತವೆ. ಹಡಗುಗಳು ಹೋಗಲಾರದ ಚಳಿಗಾಲದಲ್ಲಿ ಅಂಟಾರ್ಕ್ಟಿಕದ ಕಡಲನ್ನು ಅಳೆಯುವ ಕೆಲಸದಲ್ಲಿ ದೊಡ್ಡ ಪಾಲು ಈ ಪ್ರಾಣಿಯದು. ವರ್ಷಕ್ಕೊಮ್ಮೆ ರೋಮ ಉದುರುವಾಗ ಉಪಕರಣವೂ ಉದುರುತ್ತದೆ.

ಉತ್ತರ ಧ್ರುವದ ಕಡೆ ಕಥೆ ಬೇರೆ. ಅಲ್ಲಿನ ಉಂಗುರ ಸೀಲ್ ಕಿಂಡಿಯನ್ನು ಮುಂಗಾಲಿನ ಉಗುರಿನಿಂದ ಕೆರೆದು ಇಟ್ಟುಕೊಳ್ಳುತ್ತದೆ. ಅದೇ ಕಿಂಡಿಯ ಬಾಯಲ್ಲಿ ಹಿಮಕರಡಿ ಗಂಟೆಗಟ್ಟಲೆ ಅಲುಗಾಡದೆ ಕಾಯುತ್ತದೆ. ಗೂಟವೇ ಉರುಳಾಗುವ ಊರು ಅದು. ಆದ್ದರಿಂದ ಉಂಗುರ ಸೀಲ್ ಒಂದಕ್ಕಿಂತ ಹೆಚ್ಚು ಕಿಂಡಿ ಇಟ್ಟುಕೊಂಡಿರುತ್ತದೆ, ಬಿಸಿಲಿಗೆ ಮಲಗಿದರೂ ಮತ್ತೆ ಮತ್ತೆ ತಲೆ ಎತ್ತಿ ನೋಡುತ್ತದೆ, ಮರಿಯನ್ನು ಹಿಮದ ಕೆಳಗಿನ ಗುಹೆಯಲ್ಲಿ ಬಚ್ಚಿಡುತ್ತದೆ. ವಸಂತದಲ್ಲಿ ಹಿಮದ ಬದಲು ಮಳೆ ಬಿದ್ದರೆ ಆ ಗುಹೆ ಕುಸಿಯುತ್ತದೆ. ದಕ್ಷಿಣದಲ್ಲಿ ಕರಡಿಯಿಲ್ಲ. ಲಾರ್ಸ್‌ಮನ್ ಬೆಟ್ಟಗಳಲ್ಲಿ 2012ರಿಂದ ಇರುವ ನಮ್ಮ ದೇಶದ ಭಾರತಿ ಸಂಶೋಧನಾ ಕೇಂದ್ರದ ಸುತ್ತಲ ಕರಾವಳಿ ಮಂಜಿನ ಮೇಲೆ ವೆಡೆಲ್ ಸೀಲ್‌ಗಳು ಮನುಷ್ಯರನ್ನು ಕಂಡರೂ ಏಳದೆ ಗೊರಕೆ ಹೊಡೆಯುತ್ತಿರುತ್ತವೆ; ಅವುಗಳ ನೆಮ್ಮದಿ ಕೆಡಿಸುವುದನ್ನು 2022ರ ನಮ್ಮ ಅಂಟಾರ್ಕ್ಟಿಕ ಕಾಯ್ದೆಯೇ ನಿಷೇಧಿಸುತ್ತದೆ. ಆದರೆ 2023ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕದ ಕಡಲಮಂಜು 20 ಲಕ್ಷ ಚದರ ಕಿಲೋಮೀಟರಿಗಿಂತ ಕೆಳಗಿಳಿದು, ಉಪಗ್ರಹ ದಾಖಲೆಯಲ್ಲೇ ಕನಿಷ್ಠವಾಯಿತು. ಮಂಜಿನ ಅಡಿಯ ಪಾಚಿಯನ್ನು ಮೇಯುವ ಕ್ರಿಲ್ ಮರಿಗಳಿಗೂ, ಅದರ ಮೇಲೆ ಆರು ವಾರ ಹಾಲು ಕುಡಿಯುವ ವೆಡೆಲ್ ಮರಿಗಳಿಗೂ ಅದು ನೆಲ.

ಹೊರಡುವ ಮುನ್ನ ಆ ಹಲ್ಲಿನ ಮಾತಿಗೆ ಮರಳುತ್ತೇನೆ. ಬದುಕಿದಷ್ಟು ದಿನವೂ ಮಂಜನ್ನು ಹೆರೆದ ವೆಡೆಲ್ ಸೀಲ್‌ನ ಹಲ್ಲು ಸವೆಯುತ್ತ ಹೋಗುತ್ತದೆ, ಕೆಲವಕ್ಕೆ ಒಸಡಿನಲ್ಲಿ ಕೀವು ತುಂಬುತ್ತದೆ. ಮಂಜನ್ನು ಹೀಗೆ ಕೆರೆಯಬೇಕಿಲ್ಲದ ಕ್ರ್ಯಾಬ್‌ಈಟರ್‌ನಷ್ಟು ಕಾಲ ಇದು ಬಾಳದಿರುವುದಕ್ಕೆ ಹಲ್ಲೇ ಕಾರಣ ಎಂದು ಹಲವರು ಎಣಿಸಿದ್ದಾರೆ. ಮೀನು ಕೆಳಗೆ ಇದ್ದೇ ಇರುತ್ತದೆ, ಈಜುವ ಶಕ್ತಿಯೂ ಮೈಯಲ್ಲಿ ಉಳಿದಿರಬಹುದು. ಮೇಲಿನ ಕಿಂಡಿ ಮಾತ್ರ ದಿನದಿನಕ್ಕೆ ಕಿರಿದಾಗುತ್ತ ಬರುತ್ತದೆ.